ಮೂವತ್ತು ಸೆಕೆಂಡಿನ ಹುಚ್ಚು

ವಿಡಿಯೊ ವೈರಲ್ ಆಗುವುದು ಬೇರೆ, ಮೀಮ್ ಆಗುವುದು ಬೇರೆ. ವೈರಲ್ ಆದದ್ದನ್ನು ಜನ ಇದ್ದಂತೆಯೇ ಒಬ್ಬರಿಂದೊಬ್ಬರಿಗೆ ದಾಟಿಸುತ್ತಾರೆ. ಮೀಮ್ ಆದರೆ ಸುಮ್ಮನೆ ಬಿಡುವುದಿಲ್ಲ: ಮುಖ ಬದಲಿಸುತ್ತಾರೆ, ಮಾತು ಬದಲಿಸುತ್ತಾರೆ, ತಮ್ಮ ಹಾಸ್ಟೆಲ್ಲಿನಲ್ಲೋ ಆಫೀಸಿನಲ್ಲೋ ಅದನ್ನೇ ಮತ್ತೆ ಆಡುತ್ತಾರೆ. ಈ ಗೆರೆಯನ್ನು ಸ್ಪಷ್ಟವಾಗಿ ಎಳೆದವರಲ್ಲಿ ಇಸ್ರೇಲಿನ ಸಂಶೋಧಕಿ ಲಿಮೋರ್ ಶಿಫ್ಮನ್ ಒಬ್ಬರು. ಬಹಳಷ್ಟು ಅನುಕರಣೆಗಳು ಬಂದ 30 ಯೂಟ್ಯೂಬ್ ವಿಡಿಯೊಗಳನ್ನು ಆರಿಸಿಕೊಂಡು ಅವರು 2012ರಲ್ಲಿ ಒಂದು ಪ್ರಬಂಧ ಬರೆದರು. ಅವುಗಳಲ್ಲಿ ಎದ್ದು ಕಂಡದ್ದು ಸಾಮಾನ್ಯ ಜನ, ಸರಳತೆ, ಪುನರಾವರ್ತನೆ, ಅರ್ಥವಿಲ್ಲದ ತಮಾಷೆ. ಅಚ್ಚುಕಟ್ಟಾದ ವಿಡಿಯೊಗಿಂತ ಅರೆಬರೆಯಾದದ್ದೇ ಒಳ್ಳೆಯ ಮೀಮ್ ಆಗುತ್ತದೆ ಎಂಬುದು ಅವರ ತೀರ್ಮಾನ. ನನಗೂ ಹಾಗೆಯೇ ಅನ್ನಿಸುತ್ತದೆ. ನೋಡಿದವನಿಗೆ ‘ಇಷ್ಟೇ ತಾನೆ, ನಾನೂ ಮಾಡಬಲ್ಲೆ’ ಅನ್ನಿಸದಿದ್ದರೆ ಅದು ಬರೀ ಒಳ್ಳೆಯ ವಿಡಿಯೊ ಆಗಿ ಉಳಿಯುತ್ತದೆ.

ಮೊದಮೊದಲು ಹೀಗೆ ಮತ್ತೆ ಮಾಡುವುದು ಸುಲಭವಿರಲಿಲ್ಲ. 1996ರ ‘ಡ್ಯಾನ್ಸಿಂಗ್ ಬೇಬಿ’ ಎಂಬ ಕಂಪ್ಯೂಟರ್ ಕೂಸು ಇಮೇಲ್ ಹಿಡಿದು ಊರೂರು ಸುತ್ತಿತು. 1998ರಲ್ಲಿ ‘ಆಲಿ ಮ್ಯಾಕ್‌ಬೀಲ್’ ಎಂಬ ಅಮೆರಿಕದ ಧಾರಾವಾಹಿಯಲ್ಲೂ ಕುಣಿಯಿತು. ಆದರೆ ಬಹುಪಾಲು ಜನರ ಕೆಲಸ ಅದನ್ನು ಫಾರ್ವರ್ಡ್ ಮಾಡುವಷ್ಟಕ್ಕೇ ಮುಗಿಯುತ್ತಿತ್ತು. 2003ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಶಾಲಾ ಹುಡುಗನೊಬ್ಬ ಕೋಲು ತಿರುಗಿಸುತ್ತ ಒಬ್ಬನೇ ‘ಸ್ಟಾರ್ ವಾರ್ಸ್’ ಕಾಳಗ ಆಡಿದ ಟೇಪನ್ನು ಸಹಪಾಠಿಗಳು ಅವನಿಗೆ ಹೇಳದೆ ಇಂಟರ್ನೆಟ್ಟಿಗೆ ಹಾಕಿದರು. ಎಡಿಟಿಂಗ್ ಬಲ್ಲವರು ಅವನ ಕೋಲಿಗೆ ಬೆಳಕಿನ ಕತ್ತಿ ಜೋಡಿಸಿದರು, ಹಿನ್ನೆಲೆ ಸಂಗೀತ ಕೊಟ್ಟರು. ಆ ಹುಡುಗ ಶಾಲೆ ಬಿಡಬೇಕಾಯಿತು, ವಿಷಯ ಕೋರ್ಟಿಗೆ ಹೋಯಿತು. ವಿಡಿಯೊ ಮೀಮಿನ ಇತಿಹಾಸ ಬರೆಯುವವರು ಇದನ್ನೊಂದು ಮೋಜಿನ ಪ್ರಸಂಗವೆಂಬಂತೆ ದಾಟಿಬಿಡುವುದು ನನಗೆ ಸರಿ ಕಾಣುವುದಿಲ್ಲ.

2005ರ ಏಪ್ರಿಲ್ 23ರಂದು ಜಾವೇದ್ ಕರೀಂ ಮೃಗಾಲಯದಲ್ಲಿ ಆನೆಗಳ ಮುಂದೆ ನಿಂತ 19 ಸೆಕೆಂಡಿನ ತುಣುಕಿನೊಂದಿಗೆ ಯೂಟ್ಯೂಬ್ ಖಾತೆ ತೆರೆದುಕೊಂಡಿತು. ಅಲ್ಲಿಂದ ಮುಂದೆ ಎಲ್ಲವೂ ಬೇಗಬೇಗ. 2007ರಲ್ಲಿ ಅಮೆರಿಕದವನೊಬ್ಬ ನಮ್ಮ ಮೈಸೂರಿನಲ್ಲಿ ಹುಟ್ಟಿದ ಪ್ರಭುದೇವ ಅವರ ತಮಿಳು ಹಾಡೊಂದಕ್ಕೆ, ತನ್ನ ಕಿವಿಗೆ ಇಂಗ್ಲಿಷಿನಂತೆ ಕೇಳಿಸಿದ್ದನ್ನೇ ಸಬ್‌ಟೈಟಲ್ ಮಾಡಿ ಹಾಕಿದ. ‘ಬೆನ್ನಿ ಲಾವಾ’ ಎಂದು ಅದು ಜಗತ್ತೆಲ್ಲ ಓಡಾಡಿತು. ನಕ್ಕವರಲ್ಲಿ ಎಷ್ಟು ಮಂದಿ ಕುಣಿತವನ್ನು ನೋಡಿದರೋ! ಅದೇ ಕಾಲದಲ್ಲಿ ‘ಡೌನ್‌ಫಾಲ್’ ಎಂಬ 2004ರ ಜರ್ಮನ್ ಚಿತ್ರದಲ್ಲಿ ಹಿಟ್ಲರ್ ಬಂಕರಿನೊಳಗೆ ಕೂಗಾಡುವ ದೃಶ್ಯಕ್ಕೆ ಜನ ತಮಗೆ ಬೇಕಾದ ಸಬ್‌ಟೈಟಲ್ ಹಾಕತೊಡಗಿದರು. 2010ರಲ್ಲಿ ನಿರ್ಮಾಣ ಸಂಸ್ಥೆ ಅವುಗಳನ್ನು ತೆಗೆಸಲು ಹೊರಟಿತು. ಚಿತ್ರದ ನಿರ್ದೇಶಕರು ಮಾತ್ರ ಅವುಗಳನ್ನು ನೋಡಿ ಖುಷಿಪಟ್ಟವರು.

ಮೂರು ವರ್ಷ ಕಳೆಯುವಷ್ಟರಲ್ಲಿ ಮಾಲೀಕರ ಲೆಕ್ಕಾಚಾರವೇ ಬದಲಾಗಿತ್ತು. ಅದನ್ನು ತೋರಿಸಿಕೊಟ್ಟದ್ದು ‘ಹಾರ್ಲೆಮ್ ಶೇಕ್’. 2013ರ ಫೆಬ್ರವರಿಯ ಆರಂಭದಲ್ಲಿ ‘ಫಿಲ್ತಿ ಫ್ರಾಂಕ್’ ಎಂಬ ವೇಷದ ಯೂಟ್ಯೂಬಿಗ ಮತ್ತು ಗೆಳೆಯರು ಬಾವರ್ ಎಂಬ ಸಂಗೀತಗಾರನ ಟ್ರ್ಯಾಕಿಗೆ ಕುಣಿದರು. ಅದಕ್ಕೆ ಚೌಕಟ್ಟು ಕೊಟ್ಟವರು ಆಸ್ಟ್ರೇಲಿಯಾದ ಹುಡುಗರು. ಮೊದಲ 15 ಸೆಕೆಂಡು ಹೆಲ್ಮೆಟ್ ತೊಟ್ಟ ಒಬ್ಬನೇ ಸೊಂಟ ಅಲ್ಲಾಡಿಸುತ್ತಾನೆ, ಸುತ್ತಲಿನವರು ತಮ್ಮ ಪಾಡಿಗೆ ಇರುತ್ತಾರೆ. ಬೇಸ್ ಬೀಳುತ್ತದೆ, ಒಂದು ಕಟ್. ಮುಂದಿನ 15 ಸೆಕೆಂಡು ಎಲ್ಲರಿಗೂ ದೆವ್ವ ಹಿಡಿದಂತೆ ಕುಣಿತ. ಕ್ಯಾಮೆರಾ ಅಲುಗಾಡುವುದಿಲ್ಲ, ಸ್ಟೆಪ್ ಕಲಿಯಬೇಕಾಗಿಲ್ಲ, ಬೇಕಾದ್ದು ಒಂದೇ ಕಟ್. ಫೆಬ್ರವರಿ ಮಧ್ಯದ ಹೊತ್ತಿಗೆ ಇಂಥ ಸುಮಾರು 40,000 ವಿಡಿಯೊಗಳು ಯೂಟ್ಯೂಬ್ ಸೇರಿದ್ದವು. ಕೈರೋದಲ್ಲಿ ಮುಸ್ಲಿಂ ಬ್ರದರ್‌ಹುಡ್ ಕಚೇರಿಯ ಎದುರು ಯುವಕರು ಪ್ರತಿಭಟನೆಯಾಗಿ ಇದನ್ನೇ ಕುಣಿದರು. ಈ ಸಲ ಹಾಡಿನ ಕಂಪನಿ ವಿಡಿಯೊಗಳನ್ನು ತೆಗೆಸಲಿಲ್ಲ. ಹಾಡನ್ನು ಗುರುತು ಹಿಡಿಯುವ ಯೂಟ್ಯೂಬಿನ ವ್ಯವಸ್ಥೆಯ ಮೂಲಕ ಅನುಕರಣೆಗಳ ಜಾಹೀರಾತಿನಿಂದಲೂ ಪಾಲು ಪಡೆಯಿತು. ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿ ಯೂಟ್ಯೂಬ್ ವೀಕ್ಷಣೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡ ವಾರವೇ ಹಾಡು ಒಂದನೇ ಸ್ಥಾನಕ್ಕೆ ಏರಿತು. ಅದರಲ್ಲಿ ಕೇಳಿಸುವ ಎರಡು ದನಿಗಳು ಬೇರೆ ಹಾಡುಗಾರರವು, ಅವರ ಅನುಮತಿ ಯಾರೂ ಕೇಳಿರಲಿಲ್ಲ. ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ ಜನರೂ ಇದು ಅದೇ ಹೆಸರಿನ ತಮ್ಮ ಹಳೆಯ ಕುಣಿತವೇ ಅಲ್ಲ ಎಂದು ಬೇಸರಪಟ್ಟುಕೊಂಡರು.

ಆ ಒಂದು ಕಟ್ಟನ್ನೂ ಫೋನಿನೊಳಗೇ ತಂದಿಟ್ಟದ್ದು 2013ರಲ್ಲೇ ಬಂದ ವೈನ್ ಎಂಬ ಆರು ಸೆಕೆಂಡಿನ ಆ್ಯಪ್. ಟಿಕ್‌ಟಾಕ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಧ್ವನಿಯನ್ನು ವಿಡಿಯೊದಿಂದ ಬಿಡಿಸಿಟ್ಟಿತು. ಇಷ್ಟವಾದ ತುಣುಕಿನ ಧ್ವನಿಯನ್ನು ಮುಟ್ಟಿದರೆ ಸಾಕು, ಅದು ನಿಮ್ಮ ಮುಖಕ್ಕೆ ಸಿದ್ಧ. ನನ್ನ ಮಟ್ಟಿಗೆ ಈ ಕ್ಷೇತ್ರದ ದೊಡ್ಡ ತಿರುವು ಇದೇ. ಅಲ್ಲಿಯವರೆಗೆ ಜನ ತಾವೇ ಹುಡುಕಿಕೊಳ್ಳುತ್ತಿದ್ದ ಅನುಕರಣೆಯ ಜಾಗವನ್ನು ಈಗ ಆ್ಯಪೇ ಬಟನ್ ಮಾಡಿ ಕೊಟ್ಟಿತು.

ಕನ್ನಡದಲ್ಲಿ ಬಟನ್ನಿನ ಹಂಗಿಲ್ಲದೆ ಹಬ್ಬಿದ ದೊಡ್ಡ ಮೀಮ್ ಎಂದರೆ ‘ನಿಖಿಲ್ ಎಲ್ಲಿದ್ದೀಯಪ್ಪಾ’. ಎಚ್.ಡಿ. ಕುಮಾರಸ್ವಾಮಿ ‘ಜಾಗ್ವಾರ್’ ಚಿತ್ರದ ಸಮಾರಂಭದಲ್ಲಿ ಮಗನನ್ನು ಕರೆದದ್ದು 2016ರಲ್ಲಿ. ಆಗ ಅದರಲ್ಲಿ ಯಾರಿಗೂ ವಿಶೇಷ ಕಾಣಲಿಲ್ಲ. 2019ರಲ್ಲಿ ನಿಖಿಲ್ ಮಂಡ್ಯದಿಂದ ಲೋಕಸಭೆಗೆ ನಿಂತಾಗ ಟ್ರೋಲ್ ಪೇಜುಗಳು ಅದನ್ನು ಕೆದಕಿ ತೆಗೆದವು. ಮದುವೆ ಮನೆ, ತರಗತಿ, ಬಸ್‌ಸ್ಟ್ಯಾಂಡು, ಎಲ್ಲೆಲ್ಲೂ ಅದೇ ಕರೆ. ಅದನ್ನೇ ಚಿತ್ರದ ಹೆಸರಾಗಿ ನೋಂದಾಯಿಸಲು ಫಿಲಂ ಚೇಂಬರಿಗೆ ಓಡಿದವರೂ ಇದ್ದರು!

2020ರ ಜೂನ್ 29ರಂದು ಭಾರತ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಜುಲೈನಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್, ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್ ಆ ಖಾಲಿ ಜಾಗಕ್ಕೆ ಬಂದು ಕೂತವು. 2023ರಲ್ಲಿ ಹಾಸ್ಯದ ವಿಡಿಯೊ ಮಾಡುವ ‘ವಿಕ್ಕಿಪೀಡಿಯಾ’ ಬಳಗ, ಡೆನ್ಮಾರ್ಕಿನ ಆಕ್ವಾ ತಂಡದ 1997ರ ‘ಬಾರ್ಬಿ ಗರ್ಲ್’ ಧಾಟಿಗೆ ಬೆಂಗಳೂರಿನ ಪಿ.ಜಿ.ಯಲ್ಲಿರುವ ಹುಡುಗಿಯ ಪಾಡನ್ನು ಕಟ್ಟಿ ‘ನಾನು ನಂದಿನಿ’ ಮಾಡಿತು. ಕನ್ನಡ ಬಾರದವರೂ ಅದಕ್ಕೆ ತುಟಿ ಆಡಿಸಿದರು. 2024ರ ಆರಂಭದಲ್ಲಿ ಸರದಿ ‘ಉಪೇಂದ್ರ’ ಚಿತ್ರದ ‘ಏನಿಲ್ಲ ಏನಿಲ್ಲ’ ಹಾಡಿನದು. ಗುರುಕಿರಣ್ ಅದಕ್ಕೆ ರಾಗ ಹಾಕಿ ಆಗಲೇ 25 ವರ್ಷವಾಗುತ್ತ ಬಂದಿತ್ತು. ರೀಲ್ಸ್ ಮಾಡಿದವರಲ್ಲಿ ಅನೇಕರು ಚಿತ್ರ ತೆರೆಕಂಡಾಗ ಹುಟ್ಟಿಯೇ ಇರಲಿಲ್ಲ. ಚಿತ್ರ ನೋಡುವ ಗೊಡವೆಯೂ ಅವರಿಗೆ ಬೇಕಾಗಲಿಲ್ಲ.