ತಂಡ ಮುಚ್ಚಿದ್ದನ್ನು ಕಂಡವರು, ತಂಡ ಕಟ್ಟಿದರು

ಫುಟ್‌ಬಾಲ್‌ನಲ್ಲಿ ಗೋಲ್ ಹೊಡೆದವರ ಕಥೆ ಎಲ್ಲರೂ ಹೇಳ್ತಾರೆ. ಇವತ್ತು ಗೋಲ್ ತಡೆದವರೊಬ್ಬರ ಕಥೆ ಕೇಳಿ. ಹೆಸರು ಕೇಸಿ ಸ್ಟೋನಿ, ಇಂಗ್ಲೆಂಡಿನ ಡಿಫೆಂಡರ್.

2007ರ ಮೇ 7. ಲಂಡನ್ನಿನ ಚಾರ್ಲ್‌ಟನ್ ಕ್ಲಬ್ಬಿಗೆ ಒಂದೇ ದಿನ ಎರಡು ಪೆಟ್ಟು. ಮಹಿಳೆಯರ ತಂಡ ಎಫ್‌ಎ ಕಪ್ ಫೈನಲ್‌ನಲ್ಲಿ ಆರ್ಸೆನಲ್ ಎದುರು 4-1ರಿಂದ ಸೋತಿತು. ಪುರುಷರ ತಂಡ ಟಾಟನ್‌ಹ್ಯಾಮ್ ಎದುರು ಸೋತು ಪ್ರೀಮಿಯರ್ ಲೀಗ್‌ನಿಂದಲೇ ಕೆಳಗಿಳಿಯಿತು. ಆಮೇಲೆ ಕ್ಲಬ್ಬಿನವರು ಏನ್ ಮಾಡಿದ್ರು ಗೊತ್ತಾ? ಖರ್ಚು ಉಳಿಸೋಕೆ ಮಹಿಳೆಯರ ತಂಡವನ್ನೇ ಮುಚ್ಚೋಕೆ ಹೊರಟರು. ಎರಡೇ ವರ್ಷದ ಹಿಂದೆ, 2005ರಲ್ಲಿ, ಅದೇ ಎಫ್‌ಎ ಕಪ್ ಗೆದ್ದು ತಂದಿದ್ದ ತಂಡ ಅದು! ನಾನು ಬಿ.ಕಾಂ. ಓದಿದವನು, ಉಳಿತಾಯದ ಲೆಕ್ಕ ನನಗೂ ಅರ್ಥ ಆಗುತ್ತೆ. ಆದ್ರೆ ಲೀಗ್‌ನಿಂದ ಜಾರಿದವರು ಗಂಡಸರು, ತಂಡ ಕಳ್ಕೊಂಡವರು ಹೆಂಗಸರು. ಇದು ಯಾವ ಲೆಡ್ಜರ್‌ನಲ್ಲಿ ಟ್ಯಾಲಿ ಆಗುತ್ತೆ, ನೀವೇ ಹೇಳಿ.

ಆ ತಂಡದಲ್ಲಿದ್ದ ಸ್ಟೋನಿ ಚೆಲ್ಸಿಗೆ ಹೋದರು. 2009ರಲ್ಲಿ ಅಲ್ಲಿ ಸ್ವಲ್ಪ ಕಾಲ ಆಡುತ್ತಲೇ ಮ್ಯಾನೇಜರ್ ಕೆಲಸವನ್ನೂ ನೋಡಿಕೊಂಡರು. ಇಂಗ್ಲೆಂಡ್ ಪರ 130 ಪಂದ್ಯ, 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ ತಂಡದ ನಾಯಕತ್ವ, 2015ರ ವಿಶ್ವಕಪ್‌ನಲ್ಲಿ ಕಂಚು. 2018ರಲ್ಲಿ ನಿವೃತ್ತಿ.

ಮಜಾ ಇರೋದು ಇಲ್ಲಿ. 2005ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಕೂಡ ತನ್ನ ಮಹಿಳಾ ತಂಡವನ್ನು ಮುಚ್ಚಿತ್ತು. 2018ರಲ್ಲಿ ಅದನ್ನು ಸೊನ್ನೆಯಿಂದ ಕಟ್ಟೋಕೆ ಕರೆದದ್ದು ಸ್ಟೋನಿಯನ್ನೇ. ಮೊದಲ ಲೀಗ್ ಪಂದ್ಯದಲ್ಲೇ ಆಸ್ಟನ್ ವಿಲ್ಲಾ ವಿರುದ್ಧ 12-0! ಅದೇ ಸೀಸನ್‌ನಲ್ಲಿ ಎರಡನೇ ದರ್ಜೆಯ ಲೀಗ್ ಗೆದ್ದು ತಂಡ ಮೇಲಕ್ಕೇರಿತು. 2021ರ ಮೇನಲ್ಲಿ ಮಾತ್ರ ಅವರೇ ಹುದ್ದೆ ಬಿಟ್ಟರು. ತರಬೇತಿ ಸೌಕರ್ಯದ ಬಗ್ಗೆ ಅಸಮಾಧಾನ ಇತ್ತು ಅಂತ ಪತ್ರಿಕೆಗಳು ಬರೆದವು.

ಮುಂದೆ ಅಮೆರಿಕದ ಸ್ಯಾನ್ ಡಿಯಾಗೊ ವೇವ್. ಅದೂ ಹೊಚ್ಚ ಹೊಸ ತಂಡ. 2022ರ ಡ್ರಾಫ್ಟ್‌ನಲ್ಲಿ ಎಲ್ಲರಿಗಿಂತ ಮೊದಲು ಆರಿಸಿಕೊಂಡದ್ದು ಯಾರನ್ನ? ನವೋಮಿ ಗಿರ್ಮಾ ಅನ್ನೋ ಡಿಫೆಂಡರನ್ನ. ಡಿಫೆಂಡರ್ ಬುದ್ಧಿ ಎಲ್ಲಿಗೆ ಹೋಗುತ್ತೆ ಹೇಳಿ! 2023ರಲ್ಲಿ ಲೀಗ್ ಹಂತದಲ್ಲಿ ಅಗ್ರಸ್ಥಾನ, ಶೀಲ್ಡ್ ಇವರದ್ದೇ. ಆದ್ರೂ ಮುಂದಿನ ಜೂನ್‌ನಲ್ಲಿ, ಸತತವಾಗಿ ಗೆಲುವು ಸಿಗದೆ ಇದ್ದಾಗ, ಕ್ಲಬ್ ಸ್ಟೋನಿಯನ್ನು ತೆಗೆದುಹಾಕಿತು.

2025ರ ಜನವರಿಯಲ್ಲಿ ಕೆನಡಾ ರಾಷ್ಟ್ರೀಯ ತಂಡ ಅವರನ್ನು ಕೋಚ್ ಮಾಡಿಕೊಂಡಿತು. ಅದೇ ತಿಂಗಳು ಗಿರ್ಮಾ ಹತ್ತು ಲಕ್ಷ ಡಾಲರ್‌ಗೂ ಹೆಚ್ಚು ಬೆಲೆಗೆ ಕ್ಲಬ್ ಬದಲಿಸಿದ ಮೊದಲ ಆಟಗಾರ್ತಿಯಾದರು. ಹೋದದ್ದು ಎಲ್ಲಿಗೆ ಅಂತೀರಾ? ಚೆಲ್ಸಿಗೆ.