ಪರೀಕ್ಷಾಪತ್ರ ಮತ್ತು ಪ್ರಾಮಾಣಿಕತೆ

ಧಾನ್ಯದೊಳಗಿನ ಕಲ್ಲು-ಕಸವನ್ನು ಕಣ್ಣಿನಿಂದ ಕಂಡು ಆರಿಸಿ ತೆಗೆಯಬಹುದು. ಕಣ್ಣಿಗೆ ಕಾಣದ ರೋಗಾಣುವನ್ನು ತಡೆಯುವ ಬಗೆ ಹೇಗೆ? ಈ ಪ್ರಶ್ನೆಗೆ ಆಹಾರೋದ್ಯಮವು ಕಂಡುಕೊಂಡ ಉತ್ತರದ ಇತಿಹಾಸವು ವರ್ತಕರಿಗೂ ಗೃಹಸ್ಥರಿಗೂ ಮನನೀಯವಾಗಿದೆ.

1959ರಲ್ಲಿ ಅಮೆರಿಕದ ಪಿಲ್ಸ್‌ಬರಿ ಸಂಸ್ಥೆಯು ಗಗನಯಾತ್ರಿಗಳ ಆಹಾರವನ್ನು ಸಿದ್ಧಪಡಿಸುವ ಕಾರ್ಯಕ್ಕೆ ತೊಡಗಿತು. ಪರೀಕ್ಷೆಗೆ ಒಳಪಟ್ಟ ಆಹಾರವು ಊಟಕ್ಕೆ ಉಳಿಯದು. ಸಿದ್ಧಪದಾರ್ಥದ ಪರೀಕ್ಷೆಯೊಂದನ್ನೇ ನಂಬಿದರೆ ತಯಾರಿಸಿದುದರಲ್ಲಿ ಬಹುಪಾಲು ಪ್ರಯೋಗಾಲಯಕ್ಕೇ ವ್ಯಯವಾಗುತ್ತಿತ್ತು. ಆದುದರಿಂದ ಹೋವರ್ಡ್ ಬೌಮನ್ ಮತ್ತು ಅವರ ಸಹೋದ್ಯೋಗಿಗಳು ಬೇರೊಂದು ಮಾರ್ಗ ಹಿಡಿದರು. ಕಚ್ಚಾವಸ್ತುವಿನಿಂದ ಮೊದಲ್ಗೊಂಡು ಯಾವ ಯಾವ ಹಂತದಲ್ಲಿ ಅಪಾಯವು ಪ್ರವೇಶಿಸಬಹುದೆಂಬುದನ್ನು ಮೊದಲೇ ಗುರುತಿಸಿ, ಅಲ್ಲಲ್ಲಿಯೇ ಶಾಖ, ಕಾಲ, ಶುಚಿತ್ವಗಳ ಮಿತಿಯನ್ನು ನಿಗದಿಪಡಿಸಿ, ಪ್ರತಿದಿನವೂ ದಾಖಲೆ ಬರೆದಿಡುವುದೇ ಆ ಮಾರ್ಗ. 'ಹ್ಯಾಸಪ್' ಎಂದು ಹೆಸರಾದ ಈ ಪದ್ಧತಿಯು 1971ರಲ್ಲಿ ಸಾರ್ವಜನಿಕವಾಗಿ ಮಂಡಿತವಾಯಿತು. 1993ರಲ್ಲಿ ಅಂತರರಾಷ್ಟ್ರೀಯ ಆಹಾರ ಮಾನಕ ಮಂಡಳಿಯಾದ ಕೋಡೆಕ್ಸ್ ಅದರ ಮಾರ್ಗಸೂಚಿಯನ್ನು ಅಂಗೀಕರಿಸಿತು.

ಆದರೆ ದಾಖಲೆ ಬರೆಯುವ ಕೈ ಶುದ್ಧವಾಗಿರದಿದ್ದರೆ ಯಾವ ಪದ್ಧತಿಯೂ ಕಾಯಲಾರದು. ಇದಕ್ಕೆ ಅಮೆರಿಕದ ಪೀನಟ್ ಕಾರ್ಪೊರೇಷನ್ ಪ್ರಕರಣವೇ ಸಾಕ್ಷಿ. ಹುರಿಯುವ ಶಾಖವು ಶೇಂಗಾದಲ್ಲಿನ ಸಾಲ್ಮೊನೆಲ್ಲಾ ರೋಗಾಣುವನ್ನು ಕೊಲ್ಲಬಲ್ಲುದು. ಹುರಿದ ಬಳಿಕ ಹಸಿ ಕಾಳಿನ ಸಂಪರ್ಕವಾದರೆ ಅದು ಮರಳಿ ಸೇರುತ್ತದೆ. ಈ ಸಂಸ್ಥೆಯ ಸರಕಿನಲ್ಲಿ ರೋಗಾಣುವಿರುವುದನ್ನು ಪರೀಕ್ಷೆಗಳು ತೋರಿಸಿದ್ದವು. ಆದರೂ ಸರಕು ಶುದ್ಧವೆಂಬ ಸುಳ್ಳು ಪ್ರಮಾಣಪತ್ರದೊಡನೆ ಗಿರಾಕಿಗಳಿಗೆ ರವಾನೆಯಾಯಿತು. 2008-09ರಲ್ಲಿ 714 ಜನರು ಅಸ್ವಸ್ಥರಾದುದು ದೃಢಪಟ್ಟಿತು. ಒಂಬತ್ತು ಸಾವುಗಳಿಗೆ ಈ ಸೋಂಕು ಕಾರಣವಾಗಿರಬಹುದೆಂದು ಗಣಿಸಲಾಯಿತು. ಸಂಸ್ಥೆ ದಿವಾಳಿಯಾಯಿತು. ಅದರ ಮುಖ್ಯಸ್ಥ ಸ್ಟುವರ್ಟ್ ಪಾರ್ನೆಲ್‌ಗೆ 2015ರಲ್ಲಿ 28 ವರ್ಷಗಳ ಸೆರೆವಾಸ ವಿಧಿಸಲ್ಪಟ್ಟಿತು.

ಇಲ್ಲಿ ಸೋತದ್ದು ವಿಜ್ಞಾನವಲ್ಲ. ಅಪಾಯವನ್ನು ಅದು ಸಕಾಲದಲ್ಲಿಯೇ ತಿಳಿಸಿತ್ತು. ಸರಕನ್ನು ತಡೆದರೆ ಆಗುವ ನಷ್ಟಕ್ಕೆ ಅಂಜಿದ ಮನಸ್ಸು ಅದನ್ನು ಕೇಳಿಸಿಕೊಳ್ಳಲಿಲ್ಲ. ತೂಕದಲ್ಲಿ ಮೋಸವಾದರೆ ಗಿರಾಕಿಯ ಹಣವಷ್ಟೇ ಹೋಗುತ್ತದೆ. ಇಂಥ ಮೋಸದಲ್ಲಿ ಪ್ರಾಣವೇ ಹೋಗುತ್ತದೆ.

ನೂರಾರು ಜನರಿಗೆ ಉಣಬಡಿಸುವ ಭೋಜನಶಾಲೆಗಳಿಗೂ ಈ ವಿವೇಕ ಅನ್ವಯಿಸುತ್ತದೆ. ಅನ್ನದಲ್ಲಿರುವ ಕೆಲವು ರೋಗಾಣುಗಳ ಬೀಜಕಗಳು ಕುದಿಯುವ ನೀರಿನಲ್ಲಿಯೂ ಬದುಕುಳಿದು, ಅನ್ನ ಉಗುರುಬೆಚ್ಚಗಿರುವಾಗ ವೃದ್ಧಿಯಾಗಿ ವಿಷವನ್ನುಂಟುಮಾಡುತ್ತವೆ. ಮತ್ತೆ ಬಿಸಿಮಾಡಿದರೂ ಆ ವಿಷ ನಾಶವಾಗದಿರಬಹುದು. ಆದುದರಿಂದ ಬಡಿಸುವವರೆಗೆ ಅನ್ನವನ್ನು 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿನ ಬಿಸಿಯಲ್ಲಿ ಇರಿಸುವುದು ಲೇಸು. ಗಂಟೆಗಟ್ಟಲೆ ಹೊರಗುಳಿದ ಅನ್ನವನ್ನು ನಷ್ಟವೆಂದು ಲೆಕ್ಕಿಸದೆ ಬಿಟ್ಟುಬಿಡುವ ಧೈರ್ಯವು ಅಡುಗೆಯವನಿಗೆ ಬರಬೇಕಾದರೆ, ವ್ಯವಸ್ಥಾಪಕರು ಅವನ ಬೆಂಬಲಕ್ಕೆ ನಿಲ್ಲಬೇಕು.