ಸೀಮೆ ಮೇಷ್ಟ್ರು

ಹೊಸ ಪ್ರಾಜೆಕ್ಟಿಗೆ ಹಿಂದೆ ಮುಂದೆ ನೋಡದೆ ನುಗ್ಗುವವರನ್ನು ಅಮೆರಿಕದ ಕ್ಲೈಂಟ್‌ಗಳು ‘ಗಂಗ್ ಹೋ’ ಎನ್ನುತ್ತಾರೆ. ಐಟಿಯಲ್ಲಿ ಇರುವವರಿಗೆಲ್ಲ ಪರಿಚಿತವಾದ ಮಾತು. ನಾನು ಅದನ್ನು ಅಮೆರಿಕದವರದೇ ಆಡುಮಾತು ಎಂದುಕೊಂಡಿದ್ದೆ. ಅದು ಚೀನೀ ಮಾತು. 1938ರಲ್ಲಿ ಚೀನಾದಲ್ಲಿ ಹುಟ್ಟಿದ ಕೈಗಾರಿಕಾ ಸಹಕಾರ ಸಂಘಗಳ ಚಳವಳಿಯ ಚುಟುಕು ಹೆಸರು. ‘ಗುಂಗ್’ ಎಂದರೆ ಕೆಲಸ, ‘ಹೋ’ ಎಂದರೆ ಕೂಡುವುದು. ಇವಾನ್ಸ್ ಕಾರ್ಲ್‌ಸನ್ ಎಂಬ ಅಮೆರಿಕದ ಸೇನಾಧಿಕಾರಿ ಅದನ್ನು ತನ್ನ ಪಡೆಯ ಘೋಷಣೆ ಮಾಡಿಕೊಂಡ. ಹಾಗೆ ಅದು ಇಂಗ್ಲಿಷಿಗೆ ಸೇರಿ, ತಿರುಗುತ್ತಾ ನಮ್ಮ ಮೀಟಿಂಗುಗಳಿಗೂ ಬಂತು. ಆ ಮಾತಿನ ಜಾಡು ಹಿಡಿದು ಓದುತ್ತಾ ಹೋದಾಗ ನನಗೆ ಸಿಕ್ಕವನು ಜಾರ್ಜ್ ಹಾಗ್ ಎಂಬ ಮೇಷ್ಟ್ರು.

ಹಾಗ್ ಹುಟ್ಟಿದ್ದು 1915ರಲ್ಲಿ, ಇಂಗ್ಲೆಂಡಿನ ಹಾರ್ಪೆಂಡನ್ ಎಂಬ ಊರಿನಲ್ಲಿ. ಓದಿದ್ದು ಆಕ್ಸ್‌ಫರ್ಡಿನಲ್ಲಿ. ಅವನ ತಾಯಿಯ ಸೋದರಿ ಮ್ಯೂರಿಯಲ್ ಲೆಸ್ಟರ್ ನಮಗೂ ಸಂಬಂಧಪಟ್ಟವರೇ. 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಹೋದ ಗಾಂಧೀಜಿ ಲಂಡನ್ನಿನಲ್ಲಿ ಉಳಿದುಕೊಂಡಿದ್ದು ಈಕೆಯ ಕಿಂಗ್ಸ್‌ಲಿ ಹಾಲ್‌ನಲ್ಲಿ, ಬಡವರ ಬೀದಿಗಳ ನಡುವೆ. ಡಿಗ್ರಿ ಮುಗಿಸಿದ ಹಾಗ್ ಇದೇ ಮ್ಯೂರಿಯಲ್ ಜೊತೆ ಅಮೆರಿಕ, ಜಪಾನ್ ಸುತ್ತಿಕೊಂಡು 1938ರ ಆರಂಭದಲ್ಲಿ ಶಾಂಘೈಗೆ ಬಂದ. ಕೆಲವೇ ದಿನ ಇದ್ದು ಹೋಗುವ ಲೆಕ್ಕಾಚಾರ. ಆದರೆ ಯುದ್ಧ ಹಾಳುಗೆಡವಿದ ಊರನ್ನು ಕಂಡವನು ವಾಪಸು ಹೋಗಲಿಲ್ಲ. ಸುದ್ದಿಸಂಸ್ಥೆಗಳಿಗೆ ಬರೆದುಕೊಂಡಿದ್ದು, ಆಮೇಲೆ ಗುಂಗ್ ಹೋ ಚಳವಳಿ ಸೇರಿದ.

ಇವನ ಬಗ್ಗೆ ಹಾಲಿವುಡ್ ಶೈಲಿಯ ಸಿನಿಮಾ ಒಂದಿದೆ: 2008ರ ‘ದ ಚಿಲ್ಡ್ರನ್ ಆಫ್ ಹ್ವಾಂಗ್ ಶಿ’. ಅದರಲ್ಲಿ ಅವನು ನಾನ್‌ಜಿಂಗ್ ಹತ್ಯಾಕಾಂಡವನ್ನು ಕಣ್ಣಾರೆ ಕಾಣುತ್ತಾನೆ. ಹತ್ಯಾಕಾಂಡ ಶುರುವಾದ 1937ರ ಡಿಸೆಂಬರಿನಲ್ಲಿ ಅವನು ಚೀನಾಕ್ಕೆ ಇನ್ನೂ ಕಾಲಿಟ್ಟಿರಲಿಲ್ಲ. ಸಿನಿಮಾದವರಿಗೆ ಪ್ರೇಮ ಬೇಕು, ಹಿಮದಲ್ಲಿ ನಡಿಗೆ ಬೇಕು, ಸಾವು ಬೇಕು. ಸೋಲಾಪುರದ ಡಾ. ದ್ವಾರಕಾನಾಥ್ ಕೋಟ್ನೀಸ್ ಅವರಿಗೂ ಆಗಿದ್ದು ಇದೇ. ಚೀನಾಕ್ಕೆ ಹೋದ ಭಾರತೀಯ ವೈದ್ಯರ ತಂಡದಲ್ಲಿದ್ದು 1942ರಲ್ಲಿ ಅಲ್ಲೇ ತೀರಿಕೊಂಡ ಅವರನ್ನು ಪುಣೆ-ಮುಂಬೈ ಕಡೆಯವರು ಇಂದಿಗೂ ನೆನೆಯುವುದು ಬಹುಮಟ್ಟಿಗೆ ಶಾಂತಾರಾಮರ ಸಿನಿಮಾದಿಂದಲೇ. ಹಾಗ್‌ನ ವಿಷಯದಲ್ಲಿ ನನಗೆ ಹಿಡಿಸಿದ್ದು ಸಿನಿಮಾದವರು ಬೇಗ ದಾಟಿಬಿಡುವ ಭಾಗ. ಒಂದು ಪುಟ್ಟ ಊರಿನ ಶಾಲೆಯಲ್ಲಿ ಅವನು ಎರಡು ವರ್ಷಕ್ಕೂ ಮಿಕ್ಕಿ ನಡೆಸಿದ ದಿನಚರಿ.

ಜಪಾನೀಯರು ಕರಾವಳಿಯ ಕೈಗಾರಿಕಾ ನಗರಗಳನ್ನೆಲ್ಲ ಹಿಡಿದಾಗ ಚೀನಾದ ಹೆಚ್ಚಿನ ಕಾರ್ಖಾನೆಗಳು ಕೈತಪ್ಪಿದವು. ಒಳನಾಡಿನ ಹಳ್ಳಿಗಳಲ್ಲಿ ನಿರಾಶ್ರಿತರನ್ನೇ ಕೂಡಿಸಿಕೊಂಡು ಸಣ್ಣ ಸಣ್ಣ ಘಟಕಗಳನ್ನು ಕಟ್ಟೋಣ, ಶತ್ರು ಹತ್ತಿರ ಬಂದರೆ ಗಂಟುಮೂಟೆ ಕಟ್ಟಿಕೊಂಡು ಹೊರಡುವಂತಿರಲಿ ಎಂಬುದು ಗುಂಗ್ ಹೋ ಯೋಚನೆ. ಅದರ ಮುಂದಾಳುಗಳಲ್ಲಿ ಒಬ್ಬ ನ್ಯೂಜಿಲೆಂಡಿನ ರೆವಿ ಆ್ಯಲಿ. 1927ರಿಂದ ಚೀನಾದಲ್ಲಿದ್ದವನು, ಶಾಂಘೈಯಲ್ಲಿ ಕಾರ್ಖಾನೆ ಇನ್ಸ್‌ಪೆಕ್ಟರ್ ಆಗಿದ್ದವನು. ಸೈನ್ಯಕ್ಕೆ ಕಂಬಳಿ ನೇಯುವುದರಿಂದ ಹಿಡಿದು ಎಷ್ಟೋ ಕೆಲಸ ಈ ಸಂಘಗಳಲ್ಲಿ ನಡೆಯುತ್ತಿತ್ತು. ಲೆಕ್ಕ ಬರೆಯಲು, ಯಂತ್ರ ರಿಪೇರಿ ಮಾಡಲು ಜನ ಬೇಕಲ್ಲ? ಅದಕ್ಕೆಂದು ಬೇಯ್ಲಿ ಶಾಲೆಗಳು ಶುರುವಾದವು. ಜೋಸೆಫ್ ಬೇಯ್ಲಿ ಎಂಬ ಮಿಷನರಿಯ ಹೆಸರು ಅದು. ಚೀನಿಯಲ್ಲಿ ‘ಪೈಲಿ’ ಎಂದು ಬರೆದರೆ ‘ಮುಂಬೆಳಗಿಗಾಗಿ ಬೆಳೆಸುವುದು’ ಎಂಬ ಅರ್ಥವೂ ಬರುತ್ತದೆ.

ಇಂಥ ಒಂದು ಶಾಲೆ ಶಾನ್‌ಶಿ ಪ್ರಾಂತ್ಯದ ಶ್ವಾಂಗ್‌ಶಿಪು ಎಂಬ ಊರಿನಲ್ಲಿತ್ತು. ಚಿನ್‌ಲಿಂಗ್ ಬೆಟ್ಟಸಾಲಿನ ನಡುವೆ, ಜ್ಯಾಲಿಂಗ್ ನದಿಯ ದಂಡೆಯಲ್ಲಿ. ಹೆಡ್ ಮಾಸ್ತರುಗಳು ಬರುತ್ತಿದ್ದರು, ಹೋಗುತ್ತಿದ್ದರು. ಒಬ್ಬರೂ ನಿಲ್ಲುತ್ತಿರಲಿಲ್ಲ. ಯಾಕೆ ನಿಲ್ಲಬೇಕು? ಸಂಬಳ ಏರುವ ಬೆಲೆಯ ಮುಂದೆ ಏನೂ ಅಲ್ಲ. ಹುಡುಗರು ಬರ, ಯುದ್ಧಗಳಿಂದ ಮನೆ ಕಳೆದುಕೊಂಡು ಬಂದವರು. ಜೊತೆಗೆ, ಓದಿದವನು ಎಣ್ಣೆ ಗ್ರೀಸು ಮುಟ್ಟುವುದೇ? ಹಳೆಯ ಚೀನಾದಲ್ಲಿ ಉದ್ದನೆಯ ಉಗುರು ವಿದ್ವಾಂಸನ ಗುರುತು, ಕೈಕೆಲಸ ಮಾಡದವನೆಂಬುದಕ್ಕೆ ಸಾಕ್ಷಿ. (ನಮ್ಮಲ್ಲಿ ಉಗುರಿನ ಬದಲು ಬೇರೆ ಗುರುತುಗಳಿದ್ದವು, ಅಷ್ಟೇ.) 1942ರಲ್ಲಿ ಆ ಕುರ್ಚಿ ಮತ್ತೆ ಖಾಲಿಯಾದಾಗ ಆ್ಯಲಿ ಅದನ್ನು 27ರ ಹಾಗ್‌ಗೆ ಒಪ್ಪಿಸಿದ.

ಚಳವಳಿಯಲ್ಲಿ ಅದುವರೆಗೆ ಹಾಗ್‌ನ ಹುದ್ದೆಗೆ ‘ಯಾಂಗ್ ಕಾರ್ಯದರ್ಶಿ’ ಎಂಬ ಹೆಸರಿತ್ತು. ‘ಯಾಂಗ್’ ಎಂದರೆ ಸಮುದ್ರ. ಸಮುದ್ರದಾಚೆಯಿಂದ ಬಂದದ್ದಕ್ಕೆಲ್ಲ ಆ ಪದ ಅಂಟಿಸುತ್ತಿದ್ದರು. ಬೆಂಕಿಕಡ್ಡಿ ‘ಯಾಂಗ್ ಬೆಂಕಿ’, ಲಾಟೀನಿನ ಎಣ್ಣೆ ‘ಯಾಂಗ್ ಎಣ್ಣೆ’. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸುಗಳ ‘ಸೀಮೆ’ ಇದೇ. ಬಿಳಿಯರನ್ನು ಬೈಯುವಾಗ ‘ಯಾಂಗ್ ದೆವ್ವ’ ಎನ್ನುತ್ತಿದ್ದರು. ಸೀಮೆ ದೆವ್ವವೊಂದು ಮೇಷ್ಟ್ರಾಗಿ ಬಂದಾಗ ಹುಡುಗರು ದೂರವೇ ನಿಂತರೆ ಅದು ಅವರ ತಪ್ಪಲ್ಲ.

ಅವನು ಗುಡ್ಡ ಕೊರೆದು ಮಾಡಿದ ಗುಹೆಮನೆಯಲ್ಲಿದ್ದ. ಆ ಭಾಗದಲ್ಲಿ ಅಂಥ ಮನೆಗಳು ಸಾಮಾನ್ಯ. ಚಳಿಗಾಲದಲ್ಲಿ ಬೆಚ್ಚಗೆ, ಬೇಸಿಗೆಯಲ್ಲಿ ತಂಪು. ಮೊದಲ ಕೆಲಸ ಪಾಠವಲ್ಲ, ಕಜ್ಜಿ. ಬಂದ ಹುಡುಗರಲ್ಲಿ ಹಲವರ ಮೈ ಕೆರೆದು ಹುಣ್ಣಾಗಿರುತ್ತಿತ್ತು. ಮೈ ತೊಳೆಸಬೇಕು, ಮುಲಾಮು ಹಚ್ಚಬೇಕು, ಹೇನು ತೆಗೆಸಬೇಕು, ನಾಳೆ ಮತ್ತೆ ಅದೇ. ಅದರ ಜೊತೆಗೇ ನದಿಯಲ್ಲಿ ಈಜು. ಈಜಿಗೆ ಈಜೂ ಆಯಿತು, ಸ್ನಾನಕ್ಕೆ ಸ್ನಾನವೂ ಆಯಿತು. ಮೇಷ್ಟ್ರೇ ಬಟ್ಟೆ ಬಿಚ್ಚಿ ನೀರಿಗೆ ಹಾರುವುದು ಆ ಊರಿನ ಹಿರಿಯರಿಗೆ ಹೇಗೆ ಕಂಡಿರಬಹುದು, ಊಹಿಸಿಕೊಳ್ಳಿ. ಅರ್ಧ ದಿನ ಓದು, ಇನ್ನರ್ಧ ದಿನ ಕಾರ್ಯಾಗಾರ: ನೂಲುವುದು, ನೇಯುವುದು, ಲೋಹದ ಕೆಲಸ. ಕೈಯೂ ತಲೆಯೂ ಕೂಡಿ ಕೆಲಸ ಮಾಡಬೇಕು ಎಂಬುದು ಶಾಲೆಯ ಧ್ಯೇಯವಾಕ್ಯ.

ಇನ್ನು ಹಾಡು. ಹಾಗ್‌ಗೆ ಹಾಡುವ ಹುಚ್ಚು. ಇಂಗ್ಲಿಷ್ ಮಕ್ಕಳ ಹಾಡುಗಳನ್ನು ಅವರಿಗೆ ಕಲಿಸಿದ, ಅವರ ಸೀಮೆಗಳ ಹಾಡುಗಳನ್ನು ಅವರಿಂದ ಕಲಿತ. ಹುಡುಗರು ಬೇರೆ ಬೇರೆ ಪ್ರಾಂತ್ಯದವರು, ಒಬ್ಬನ ಮಾತು ಇನ್ನೊಬ್ಬನಿಗೆ ಸರಿಯಾಗಿ ತಿಳಿಯದು. ಇಂಥಲ್ಲಿ ಒಟ್ಟಿಗೆ ಹಾಡುವುದು ಬರೀ ಮನರಂಜನೆಯಲ್ಲ. ಊರು ಬಿಟ್ಟು ಬಂದು, ಹತ್ತು ರಾಜ್ಯದವರ ಜೊತೆ ಪಿಜಿಯಲ್ಲಿ ಇದ್ದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ.

ಅವನ ಗುಹೆಯಲ್ಲಿ ಕೊನೆಗೆ ಅವನೊಬ್ಬನೇ ಉಳಿಯಲಿಲ್ಲ. ನಿಯೆ ಮನೆತನದ ನಾಲ್ವರು ಅಣ್ಣತಮ್ಮಂದಿರ ತಾಯಿ ತೀರಿಕೊಂಡಿದ್ದಳು, ತಂದೆ ದೂರದಲ್ಲಿದ್ದ. ಹಾಗ್ ಆ ನಾಲ್ವರನ್ನೂ ದತ್ತು ತೆಗೆದುಕೊಂಡ. ಚೀನಾದಲ್ಲಿ ಮನೆಯ ಮಕ್ಕಳನ್ನು ಹುಟ್ಟಿದ ಸರದಿಯ ಮೇಲೆ ಕರೆಯುವ ರೂಢಿ. ಮೂರನೆಯವನು ‘ಲಾವೊ ಸಾನ್’, ನಾಲ್ಕನೆಯವನು ‘ಲಾವೊ ಸ್ಸ್’. ನಮ್ಮ ದೊಡ್ಡಣ್ಣ ಚಿಕ್ಕಣ್ಣಗಳ ಹಾಗೆ. ಇಂಗ್ಲೆಂಡಿನ ಮನೆಗೆ ಹಾಗ್ ಬರೆದ ಪತ್ರಗಳಲ್ಲಿ ಈ ಕಿರಿಯರಿಬ್ಬರ ತಂಟೆ ತಕರಾರುಗಳು ತುಂಬಿಕೊಂಡಿವೆ. ಮದುವೆಯಾಗದ, ಮೂವತ್ತು ತುಂಬದ ಹುಡುಗ, ನಾಲ್ಕು ಮಕ್ಕಳ ಅಪ್ಪ.

1944ರಲ್ಲಿ ಎರಡು ಕಡೆಯಿಂದ ಒತ್ತಡ ಬಂತು. ಜಪಾನೀಯರು ದೊಡ್ಡ ದಾಳಿ ಶುರು ಮಾಡಿದ್ದರು. ಇತ್ತ ಚೀನಾದ ರಾಷ್ಟ್ರೀಯವಾದಿ ಸರ್ಕಾರಕ್ಕೆ ಗುಂಗ್ ಹೋ ಮೇಲೆ ಕಮ್ಯುನಿಸ್ಟ್ ಅನುಮಾನ; 1942ರಲ್ಲೇ ಆ್ಯಲಿಯನ್ನು ಚಳವಳಿಯ ಹುದ್ದೆಯಿಂದ ತೆಗೆದಿದ್ದರು. ದೊಡ್ಡ ಹುಡುಗರನ್ನು ಸೈನ್ಯಕ್ಕೆ ಎಳೆದುಕೊಂಡು ಹೋಗುವ ಭಯ ಬೇರೆ. ಸುಮಾರು 1,100 ಕಿಲೋಮೀಟರ್ ದೂರದ ಗಾನ್ಸು ಪ್ರಾಂತ್ಯದ ಶಾನ್‌ದಾನ್‌ಗೆ ಶಾಲೆಯನ್ನೇ ಸಾಗಿಸಲು ನಿಶ್ಚಯವಾಯಿತು. ಹುಡುಗರು ಸುಮಾರು 60. ಸಾಮಾನು ಗಾಡಿಗಳಲ್ಲಿ, ಹುಡುಗರು ಬಹಳ ದೂರ ಕಾಲ್ನಡಿಗೆಯಲ್ಲಿ, ಚಳಿಗಾಲದ ನಡುವೆ ಬೆಟ್ಟಗಳನ್ನು ದಾಟಿಕೊಂಡು. ಲಾನ್‌ಜೋವಿನಿಂದ ಮುಂದೆ ಲಾರಿಗಳಲ್ಲಿ. ಒಂದು ಸರ್ವರ್ ರೂಮನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಸಾಗಿಸಲು ನಾವು ಹಾಕುವ ಎಕ್ಸೆಲ್ ಹಾಳೆಗಳನ್ನು ನೆನೆದು ನನಗೆ ನಗು ಬಂತು.

ಶಾನ್‌ದಾನ್ ಹಳೆಯ ರೇಷ್ಮೆ ದಾರಿಯ ಮೇಲಿನ ಬಡ ಊರು. ಮಹಾಗೋಡೆಯ ಮುರುಕು ಸಾಲು ಹಾದುಹೋಗುವ ಜಾಗ. ಪಾಳುಬಿದ್ದ ದೇವಸ್ಥಾನವೇ ಶಾಲೆಯಾಯಿತು. ಮತ್ತೆ ಮೊದಲಿನಿಂದ: ಕೋಣೆ ರಿಪೇರಿ, ಯಂತ್ರಗಳ ಜೋಡಣೆ, ಪಾಠ, ಹಾಡು, ಬಾಸ್ಕೆಟ್‌ಬಾಲ್.

1945ರ ಜುಲೈಯಲ್ಲಿ ಹುಡುಗರ ಜೊತೆ ಬಾಸ್ಕೆಟ್‌ಬಾಲ್ ಆಡುವಾಗ ಹಾಗ್ ಕಾಲಿನ ಬೆರಳು ಎಡವಿಕೊಂಡ. ಸಣ್ಣ ಗಾಯ. ಕೆಲವು ದಿನಗಳಲ್ಲಿ ದವಡೆ ಬಿಗಿಯಿತು. ಧನುರ್ವಾಯು. ಬ್ರಿಟಿಷ್ ಸೈನಿಕರಿಗೆಲ್ಲ ಆ ಹೊತ್ತಿಗೆ ಇದಕ್ಕೆ ಲಸಿಕೆ ಹಾಕುತ್ತಿದ್ದರು. ಅದೇ ವಯಸ್ಸಿನ ಇನ್ನೊಬ್ಬ ಇಂಗ್ಲಿಷ್ ಹುಡುಗ ಯುದ್ಧರಂಗದಲ್ಲಿ ಇದೇ ಗಾಯ ಮಾಡಿಕೊಂಡಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲ. ಶಾನ್‌ದಾನ್‌ನಲ್ಲಿ ಸೀರಮ್ ಇರಲಿಲ್ಲ. ಇಬ್ಬರು ಮೋಟರ್‌ಸೈಕಲ್ ಏರಿ ನೂರಾರು ಕಿಲೋಮೀಟರ್ ಆಚೆಯ ಲಾನ್‌ಜೋವಿಗೆ ಹೋದರು. ಅವರು ಔಷಧ ತರುವ ಹೊತ್ತಿಗೆ ತಡವಾಗಿತ್ತು. ಜುಲೈ 22ರಂದು ಹಾಗ್ ತೀರಿಕೊಂಡ. ವಯಸ್ಸು 30. ತನ್ನದೆಲ್ಲ ಶಾಲೆಗೆ ಎಂದು ಒಂದು ಕಾಗದದ ಮೇಲೆ ಬರೆದಿಟ್ಟಿದ್ದ. ಇನ್ನು ಮೂರೂವರೆ ವಾರಕ್ಕೆ ಜಪಾನ್ ಶರಣಾಯಿತು.

ಶಾಲೆ ನಿಲ್ಲಲಿಲ್ಲ. ಹೆಡ್ ಮಾಸ್ತರಿಕೆಯನ್ನೂ ನಿಯೆ ಹುಡುಗರನ್ನೂ ಆ್ಯಲಿ ವಹಿಸಿಕೊಂಡ. ಗಾಜು, ಪಿಂಗಾಣಿ, ಕಾಗದ, ಚರ್ಮದ ಘಟಕಗಳು ಸೇರಿದವು. ನ್ಯೂಜಿಲೆಂಡಿನ ಜನ 1947ರಲ್ಲಿ ಕುರಿಮಂದೆಯನ್ನೇ ಕಳಿಸಿದರು, ಒಬ್ಬ ಡಾಕ್ಟರ್ ಮತ್ತು ನರ್ಸ್ ದಂಪತಿಯೂ ಬಂದರು. ಹಾಗ್ ಇದ್ದಾಗ ಇರದಿದ್ದ ಆಸ್ಪತ್ರೆ ಹೀಗೆ ಬಂತು. 1950ರ ದಶಕದಲ್ಲಿ ಶಾಲೆ ಲಾನ್‌ಜೋವಿಗೆ ಹೋಯಿತು. 1954ರ ಭೂಕಂಪದಲ್ಲಿ ಶಾನ್‌ದಾನ್‌ನ ಹಳೆಯ ಕಟ್ಟಡಗಳು ಬಿದ್ದವು. ಸಾಂಸ್ಕೃತಿಕ ಕ್ರಾಂತಿಯ ವರ್ಷಗಳಲ್ಲಿ ಹಾಗ್‌ನ ಗೋರಿಯನ್ನು ಒಡೆದುಹಾಕಿದರು. 1980ರ ದಶಕದಲ್ಲಿ ಅದನ್ನು ಮತ್ತೆ ಕಟ್ಟಿದರು. 1987ರಲ್ಲಿ ಶಾನ್‌ದಾನ್‌ನಲ್ಲಿ ಬೇಯ್ಲಿ ಶಾಲೆಯೂ ಮತ್ತೆ ತೆರೆಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಆ್ಯಲಿ ಬೀಜಿಂಗಿನಲ್ಲಿ ತೀರಿಕೊಂಡಾಗ, ಅವನ ಚಿತಾಭಸ್ಮವನ್ನು ಶಾನ್‌ದಾನ್‌ಗೇ ತಂದರು.